ತಮ್ಮ ಕೊಟ್ಟ ದೊಡ್ಡ ಗಾಲಿ

ಆ ಗುರುವಾರ ನಾನು ಮಾಡಿದ ಕೆಲಸ ಇಷ್ಟು: ಐದಕ್ಕೆ ಎದ್ದು ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದೆ. ನಳಕ್ಕೆ ನೀರು ಬಂದಿತ್ತು, ನಾಲ್ಕು ಕೊಡ ತುಂಬಿಟ್ಟೆ. ಹನ್ನೊಂದು ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ ಮಾಡಿದೆ. ಶೇಂಗಾ ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಎರಡು ಡಬ್ಬಿಗೆ ಹಾಕಿದೆ, ಒಂದು ಮೂಡಲಗಿಗೆ, ಒಂದು ಮನೆಗೆ. ಹಾಲಿಗೆ ಹೆಪ್ಪು ಹಾಕಿದೆ. ನಮ್ಮವರ ಎಡಭುಜಕ್ಕೆ ಬಿಸಿನೀರಿನ ಚೀಲ ಹತ್ತು ನಿಮಿಷ ಇಟ್ಟೆ. ಆಮೇಲೆ ಅಡುಗೆಮನೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ.

ಗೆರೆ ಹಿಂದಿನ ದಿನದ್ದಕ್ಕಿಂತ ಕೆಳಗೆ ಬಿತ್ತು.

ಆ ಗೆರೆಯ ವಿಷಯ ಹೇಳಬೇಕು. ನಮ್ಮವರಿಗೆ ಗೋಕಾಕದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ರೈತರ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾರೆ. ಅದರ ಹಿಂದಿನ ವರ್ಷ ಒಂದು ಬಾವಿಯಿಂದ ಮೋಟಾರ್ ಎತ್ತುವಾಗ ಸರಪಳಿ ಜಾರಿ ಅವರ ಎಡಗೈಯನ್ನು ಜಗ್ಗಿತು. ಎಲುಬು ಮುರಿಯಲಿಲ್ಲ, ಆದರೆ ಭುಜ ಹಿಡಿದುಕೊಂಡಿತು. ದಿನಾ ಬೆಳಿಗ್ಗೆ ಗೋಡೆಗೆ ಬೆರಳಿಟ್ಟು ಇರುವೆ ಹತ್ತಿದ ಹಾಗೆ ಮೇಲೆ ಹತ್ತಿಸಬೇಕು, ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಗುರುತು ಹಾಕುವ ಕೆಲಸ ನನ್ನದು. ನಾಲ್ಕು ತಿಂಗಳಲ್ಲಿ ಗೆರೆ ಲೈಟಿನ ಬಟನ್ನಿನಿಂದ ಕ್ಯಾಲೆಂಡರಿನ ಮೊಳೆಯ ತನಕ ಹತ್ತಿತ್ತು. ಈಗ ಎಂಟು ದಿನದಲ್ಲಿ ನಾಲ್ಕು ಬೆರಳು ಇಳಿದಿತ್ತು. ಆ ಎಂಟು ದಿನದಲ್ಲಿ ಮನೆಯಲ್ಲಿ ಬದಲಾದದ್ದು ಒಂದೇ ಒಂದು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಬದಲಾದದ್ದು ಕಾರಿನ ಗಾಲಿ.

ನಮ್ಮ ಕಾರು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಮೂತಿ ಉದ್ದ, ಎತ್ತರ ನನ್ನ ಸೊಂಟದಷ್ಟು. ಹುಕ್ಕೇರಿಯ ಕಡೆ ಒಂದು ತೋಟಕ್ಕೆ ಮೋಟಾರ್ ಬಿಚ್ಚಲು ಹೋದಾಗ ನಮ್ಮವರು ಅದನ್ನು ಹುಣಸೆ ಮರದ ಕೆಳಗೆ ನೋಡಿದ್ದರು. ಒಯ್ಯುವುದಾದರೆ ಒಯ್ಯಿರಿ, ಹೇಗೂ ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿವೆ ಎಂದು ತೋಟದ ಹಿರಿಯರು ಅಂದರಂತೆ. ಮೂರು ವರ್ಷದ ಭಾನುವಾರಗಳೆಲ್ಲ ಅದರ ಹೊಟ್ಟೆಯ ಕೆಳಗೇ ಕಳೆದವು. ಕೊನೆಗೆ ಅದು ಎದ್ದು ಓಡಿತು. ಪವರ್ ಸ್ಟೇರಿಂಗ್ ಇಲ್ಲದ ಕಾಲದ ಗಾಡಿ, ಆದರೂ ಗಾಲಿ ಸಣ್ಣವು, ಸಪೂರ. ಹೀಗಾಗಿ ಸ್ಟೇರಿಂಗ್ ಎರಡು ಬೆರಳಿಗೆ ತಿರುಗುತ್ತಿತ್ತು. ಭುಜ ಹಿಡಿದ ಮೇಲೆ ಅವರು ಬೈಕು ಬಿಟ್ಟರು, ಅಂಗಡಿಯ ಟೆಂಪೊ ಬಿಟ್ಟರು, ಇದೊಂದನ್ನು ಬಿಡಲಿಲ್ಲ. ಇದೂ ಹೋದರೆ ಮನುಷ್ಯ ಅಂಗಡಿಯ ಸ್ಟೂಲಿನಲ್ಲೇ ಕುಸಿದುಹೋಗುತ್ತಾರೆ ಎಂದು ನನಗೂ ಅನಿಸಿತ್ತು.

ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಒಬ್ಬನೇ. ಯಮಕನಮರಡಿಯಲ್ಲಿ ಹೈವೇ ಬಾಜೂ ಟಾಯರ್ ಅಂಗಡಿ ಇಟ್ಟಿದ್ದಾನೆ. ಆ ಕಾರು ನೋಡಿದಾಗಲೆಲ್ಲ ನಮ್ಮವರನ್ನು ಕಾಡಿಸುತ್ತಿದ್ದ.

"ಮಾಮಾ, ಗಾಡಿ ಹುಲಿ ಐತಿ. ಕಾಲು ಮಾತ್ರ ಆಡಿಂದು."

ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಅವನು ನಮ್ಮಿಬ್ಬರನ್ನೂ ತನ್ನ ಅಂಗಡಿಗೆ ಕರೆಸಿ ನನಗೊಂದು ಇಳಕಲ್ ಸೀರೆ ಕೊಟ್ಟ. ಮಾಮಾನಿಗೆ ಧೋತರ ತರಲಿಲ್ಲ. ನಾಲ್ಕು ದೊಡ್ಡ ಗಾಲಿ ತೆಗೆದಿಟ್ಟಿದ್ದ. ಬೇರೆ ಯಾವುದೋ ದೊಡ್ಡ ಕಾರಿನವು, ಬೆಳ್ಳಿಯ ಹಾಗೆ ಹೊಳೆಯುವ ಅಲಾಯ್, ಮೇಲೆ ಅಗಲವಾದ ಹೊಸ ಟಾಯರ್. ಇದು ಆಹೇರ, ಬೇಡ ಅನ್ನುವ ಹಾಗಿಲ್ಲ ಎಂದ. ನಮ್ಮ ಕಡೆ ತವರಿನವರು ಮಾಡಿದ ಆಹೇರವನ್ನು ಗಂಟು ಕಟ್ಟಿ ಮನೆಗೆ ಒಯ್ಯುವುದಿಲ್ಲ. ಕೊಟ್ಟವರ ಕಣ್ಣೆದುರೇ ಉಡಬೇಕು. ನಾನು ಒಳಗೆ ಹೋಗಿ ಸೀರೆ ಉಟ್ಟು ಬರುವಷ್ಟರಲ್ಲಿ ಕಾರಿಗೂ ಹೊಸ ಗಾಲಿ ಉಡಿಸಿ ಆಗಿತ್ತು.

ಅಲ್ಲೇ ತಪ್ಪಾದದ್ದು, ಅದು ನಮಗೆ ಆಮೇಲೆ ತಿಳಿಯಿತು. ತಮ್ಮನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಬೇರೆ ಅಳತೆಯ ಗಾಲಿ ಹಾಕಿದರೆ ಗಾಡಿಯಲ್ಲಿ ಜನ ಕೂಡಿಸಿ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲಾದರೂ ಉಜ್ಜುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಾರೆ. ಆ ದಿನ ನಾನೇ ಅವಸರ ಮಾಡಿ ನಾಲ್ಕೂ ಗಾಲಿಗೆ ಅರಿಷಿಣ ಕುಂಕುಮ ಹಚ್ಚಿ, ಒಂದೊಂದರ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟುಬಿಟ್ಟಿದ್ದೆ. ಹಣ್ಣು ಇಟ್ಟ ಮೇಲೆ ಗಾಡಿ ನೆಟ್ಟಗೆ ಮುಂದೆ ಹೋಗಬೇಕು. ತಿರುಗಿಸಬಾರದು, ಹಿಂದಕ್ಕೆ ತೆಗೆಯಬಾರದು. ನಾವಿಬ್ಬರೂ ಕೂತೆವು, ಹಣ್ಣು ಪಚಕ್ಕೆಂದವು, ಕಾರು ನೆಟ್ಟಗೆ ಹೈವೇಗೆ ಹತ್ತಿತು. ತಮ್ಮ ಅಂಗಡಿಯ ಮುಂದೆ ನಟ್ ಬಿಚ್ಚುವ ಪಾನಾ ಹಿಡಿದು ನಿಂತಿದ್ದ. ನಾನು ತಿರುಗಿ ನೋಡಿ ಕೈ ಮಾಡಿದೆ. ಅವನು ಕೈ ಎತ್ತಲಿಲ್ಲ. ಗಾಲಿಯನ್ನೇ ನೋಡುತ್ತಿದ್ದ.

ಮೊದಲ ಸದ್ದು ಕೇಳಿದ್ದು ನಮ್ಮ ಓಣಿಯ ತಿರುವಿನಲ್ಲಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿನ ಒಳಗೆ ಖರ್ರ್ ಎಂದಿತು, ಒಣ ತೆಂಗಿನಕಾಯಿ ತುರಿದ ಹಾಗೆ. ಹೊಸದಲ್ಲವೇ, ಹೊಂದಿಕೊಳ್ಳುತ್ತದೆ ಎಂದು ನಮ್ಮವರು ಅಂದರು. ಮನೆಯ ಮುಂದೆ ನಿಲ್ಲಿಸುವಾಗ ಮೊದಲು ಒಂದು ಕೈಯಲ್ಲಿ ಆಗುತ್ತಿದ್ದುದಕ್ಕೆ ಈಗ ಎರಡೂ ಕೈ ಹಾಕಿ, ಹಲ್ಲು ಕಚ್ಚಿ ತಿರುಗಿಸಿದರು. ಮರುದಿನ ಅಂಗಿಯ ತೋಳು ಹಾಕಿಕೊಳ್ಳಲು ನನ್ನನ್ನು ಕರೆದರು. ಅದರ ಮರುದಿನ ಮೇಲಿನ ಹಲಗೆಯಿಂದ ಚಹಾಪುಡಿಯ ಡಬ್ಬಿ ಇಳಿಸುವಾಗ ಕೈ ಅರ್ಧಕ್ಕೇ ನಿಂತಿತು. ಅದೇನೋ ನೆನಪಾದವರ ಹಾಗೆ ಅವರು ಅಲ್ಲಿಂದ ಹೊರಗೆ ಹೋದರು. ನಾನು ಡಬ್ಬಿಯನ್ನು ಕೆಳಗಿನ ಹಲಗೆಯಲ್ಲಿ ಇಟ್ಟೆ.

ಹೇಳಬಹುದಿತ್ತು. ಆದರೆ ಗಾಲಿ ನನ್ನ ತವರಿನವು. ಗಂಡ ಬೇಡ ಅಂದರೆ ನನ್ನ ತಮ್ಮನ ಮುಖಕ್ಕೆ ಹೊಡೆದ ಹಾಗೆ, ನಾನೇ ಬೇಡ ಅಂದರೆ ತವರಿನ ಬಾಗಿಲನ್ನು ನಾನೇ ಹಾಕಿಕೊಂಡ ಹಾಗೆ. ಹೀಗೆ ಯೋಚಿಸುತ್ತ ನಾನು ಎಂಟು ದಿನ ಗೆರೆ ಎಳೆದೆ.

ಗುರುವಾರ ಮೂಡಲಗಿಗೆ ಹೊರಟೆವು. ಅಲ್ಲಿ ನಮ್ಮವರ ಅಕ್ಕ ಇದ್ದಾರೆ. ಹೊಸ ಗಾಲಿ ತೋರಿಸುವ ನೆಪ. ಕಬ್ಬಿನ ಹಂಗಾಮು, ರಸ್ತೆ ತುಂಬ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಅವುಗಳ ಭಾರಕ್ಕೆ ಡಾಂಬರು ತಗ್ಗಾಗಿ ರಸ್ತೆಯ ಉದ್ದಕ್ಕೂ ಎರಡು ಕಾಲುವೆ ತೋಡಿದ ಹಾಗೆ ಆಗಿರುತ್ತದೆ. ನಮ್ಮ ಸಣ್ಣ ಗಾಲಿ ಆ ತಗ್ಗಿನಲ್ಲಿ ಇಳಿದು ಹತ್ತಿ ಹೋಗುತ್ತಿದ್ದವು. ಈ ಅಗಲ ಗಾಲಿ ಹಾಗಲ್ಲ. ತಗ್ಗು ಸಿಕ್ಕಿತೆಂದರೆ ನೀರಿನ ವಾಸನೆ ಹತ್ತಿದ ಎತ್ತಿನ ಹಾಗೆ ಆ ಕಡೆಗೇ ಎಳೆಯುತ್ತಿದ್ದವು. ಅವರು ಈ ಕಡೆ ಎಳೆಯುವುದು, ಅದು ಆ ಕಡೆ ಎಳೆಯುವುದು. ತಿರುವು ದಾಟಿದ ಮೇಲೆ ಮೊದಲು ಸ್ಟೇರಿಂಗ್ ತಾನೇ ನೆಟ್ಟಗಾಗುತ್ತಿತ್ತು. ಈಗ ತಿರುಗಿದಲ್ಲೇ ನಿಲ್ಲುತ್ತಿತ್ತು, ಕೈ ಹಾಕಿಯೇ ತರಬೇಕಿತ್ತು. ನಾನು ಹಿಂಡಿಯ ಡಬ್ಬಿಯನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದೆ. ಜೋರಾಗಿ ಹೋಗುತ್ತಿದ್ದೀರಿ ಎಂದೆ. ಮುಳ್ಳು ನೋಡು ಅಂದರು. ಸ್ಪೀಡ್ ಮೀಟರಿನ ಮುಳ್ಳು ಐವತ್ತಕ್ಕೂ ಕೆಳಗಿತ್ತು. ಗಿಡಗಳು ಮಾತ್ರ ಅದಕ್ಕಿಂತ ಬೇಗ ಹಿಂದೆ ಸರಿಯುತ್ತಿದ್ದವು.

ಮೂಡಲಗಿಯಲ್ಲಿ ಇಳಿದಾಗ ನನ್ನ ರೂಢಿಯಂತೆ ಕಿಲೋಮೀಟರ್ ಅಂಕಿ ನೋಡಿದೆ. ಪ್ರತಿ ಪ್ರಯಾಣದ ಅಂಕಿಯನ್ನು ನಾನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ. ಪ್ರತಿ ಸಲಕ್ಕಿಂತ ಎರಡೂವರೆ ಕಿಲೋಮೀಟರ್ ಕಡಿಮೆ ಬಂದಿತ್ತು. ರಸ್ತೆ ಹೇಗೆ ಕುಗ್ಗಿತು ಎಂದು ಅವರನ್ನೇ ಕೇಳಿದೆ. ಅವರು ನಕ್ಕರು. ದೊಡ್ಡ ರೀಲಿಗೆ ಒಂದು ಸುತ್ತಿನಲ್ಲಿ ಹೆಚ್ಚು ತಂತಿ ಹಿಡಿಯುತ್ತದಲ್ಲ, ಹಾಗೆ, ಗಾಲಿ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದಾರಿ ಹೋಗುತ್ತದೆ, ಮೀಟರ್ ಎಣಿಸುವುದು ಸುತ್ತನ್ನು ಮಾತ್ರ ಎಂದರು. ಹೇಳುತ್ತ ಹೇಳುತ್ತ ನಗು ನಿಂತಿತು. ಅಂದರೆ ಮುಳ್ಳೂ ಕಡಿಮೆ ತೋರಿಸುತ್ತಿತ್ತು. ನಾನು ಗಿಡಗಳನ್ನು ನೋಡಿದ್ದು ಖರೆ ಇತ್ತು.

ಅಕ್ಕನವರು ಕಾರಿನ ಸುತ್ತ ಒಂದು ಸುತ್ತು ಬಂದು, ಸೊಂಟಕ್ಕೆ ಕೈ ಕೊಟ್ಟು ಬಗ್ಗಿ ಒಳಗೆ ನೋಡಿದರು.

"ಯವ್ವಾ, ಇದರಾಗ ಕೂಡಾಕ ಬರಂಗಿಲ್ಲ. ಬುಟ್ಟ್ಯಾಗ ಕಾಯಿಪಲ್ಲೆ ತುಂಬಿದಂಗ ತುಂಬಬೇಕು."

ಎಲ್ಲರೂ ನಕ್ಕೆವು. ಊಟವಾಯಿತು. ಅವರು ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಉಂಡದ್ದನ್ನು ಅಕ್ಕನವರು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ಮಜ್ಜಿಗೆ ಬಡಿಸಲು ಎದ್ದೆ.

ಮೂರು ಗಂಟೆಯ ಸುಮಾರಿಗೆ ವಾಪಸ್ ಹೊರಟೆವು. ನಾಲ್ಕೈದು ಮೈಲು ಬಂದಿರಬೇಕು. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಎರಡು ಟ್ರೇಲರ್, ಎರಡೂ ಕಡೆ ಕಬ್ಬು ಮೊಳದಷ್ಟು ಹೊರಗೆ ಚಾಚಿತ್ತು. ನಮ್ಮ ಬಲಗಾಲಿ ತಗ್ಗಿಗೆ ಇಳಿಯಿತು, ತಗ್ಗಿನಲ್ಲಿ ಒಂದು ಕುಣಿ ಇತ್ತು. ಧಡ್ ಎಂದಿತು. ಸ್ಟೇರಿಂಗ್ ಒಮ್ಮೆಲೇ ಝಾಡಿಸಿತು. ಅವರು ಬಾಯಲ್ಲಿ ಗಾಳಿ ಎಳೆದುಕೊಂಡದ್ದು ಕೇಳಿಸಿತು. ಎಡಗೈ ಸ್ಟೇರಿಂಗಿನಿಂದ ಜಾರಿ ಅವರ ತೊಡೆಯ ಮೇಲೆ ಬಿತ್ತು, ಬೇರೆ ಯಾರದೋ ಕೈ ಬಿದ್ದ ಹಾಗೆ. ಕಾರು ಟ್ರ್ಯಾಕ್ಟರಿನ ಕಡೆಗೆ ತಿರುಗಿತು.

ಆಗ ಏನನ್ನೂ ಯೋಚಿಸಿದ ನೆನಪಿಲ್ಲ. ಬಲಗಡೆಗೆ ಬಾಗಿ ಸ್ಟೇರಿಂಗಿನ ನನ್ನ ಕಡೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಜಗ್ಗಿದೆ, ಬಾವಿಯ ಹಗ್ಗ ಜಗ್ಗುವ ಹಾಗೆ. ಅಷ್ಟು ಬಿರುಸಾದ ವಸ್ತುವನ್ನು ನಾನು ಈ ಜನ್ಮದಲ್ಲಿ ಹಿಡಿದಿರಲಿಲ್ಲ. ಮೊದಲು ಜಗ್ಗಲಿಲ್ಲ. ಆಮೇಲೆ ಜಗ್ಗಿತು. ಕಬ್ಬಿನ ಸೋಗೆ ಅವರ ಕಡೆಯ ಗಾಜನ್ನು ಸವರಿಕೊಂಡು ಹೋಯಿತು. ಒಂದು ಟ್ರೇಲರ್, ಎರಡನೆಯ ಟ್ರೇಲರ್. ಈಗ ಕಾರು ಎಡಕ್ಕೆ ಹೊರಳಿತ್ತು, ಸ್ಟೇರಿಂಗ್ ತಿರುಗಿದಲ್ಲೇ ನಿಂತಿತ್ತು, ಮಡ್‌ಗಾರ್ಡಿನಲ್ಲಿ ಖರ್ರ್ ಎಂದು ಉಜ್ಜುತ್ತ ಅದು ಡಾಂಬರು ಇಳಿದು ಮಣ್ಣಿಗೆ ಹೋಯಿತು. ಅವರು ಬ್ರೇಕು ಒತ್ತಿ ಹಿಡಿದಿದ್ದರು. ನಿಂತಾಗ ಮೂತಿಯ ಮುಂದೆ ಕಾಲುವೆ ಇತ್ತು. ನೀರು ತುಂಬಿ ಹರಿಯುತ್ತಿತ್ತು. ಕಾಲುವೆಗೂ ಗಾಲಿಗೂ ನಡುವೆ ಒಂದು ಮಾರು ಮಣ್ಣು.

ಟ್ರ್ಯಾಕ್ಟರಿನವನು ದೂರ ಹೋಗಿ ನಿಲ್ಲಿಸಿ, ತಿರುಗಿ ಕೂಗಿದ: "ಕಾಕಾ, ಕಬ್ಬ ಬೇಕಿದ್ರ ಬಾಯಿಲೆ ಕೇಳ್ಬೇಕ್ರಿ." ಯಾರಿಗೂ ಏನೂ ಆಗಿಲ್ಲವೆಂದು ನೋಡಿಕೊಂಡು ಹೋದ.

ಹಿಂಡಿಯ ಖಾಲಿ ಡಬ್ಬಿ ನನ್ನ ಕಾಲಿನ ಹತ್ತಿರ ಉರುಳಿ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ.

"ರಸ್ತೆ ಸರಿ ಇಲ್ಲ" ಅಂದರು ಅವರು.

"ರಸ್ತೆ ಅಲ್ರಿ."

ಅವರು ಕಾಲುವೆಯ ನೀರನ್ನೇ ನೋಡುತ್ತ ಹೇಳಿದರು: "ನಾ ಕೈ ಬಿಡಲಿಲ್ಲ. ಅದ ಬಿಟ್ಟಿತು."

ಇಪ್ಪತ್ತೈದು ವರ್ಷದಲ್ಲಿ ನನಗೆ ಅಷ್ಟು ಹೆದರಿಕೆ ಹುಟ್ಟಿಸಿದ ಮಾತನ್ನು ಅವರು ಆಡಿರಲಿಲ್ಲ. ಟ್ರ್ಯಾಕ್ಟರ್ ಆಗಲೇ ದೂರ ಹೋಗಿತ್ತು. ಆ ಮಾತು ಹೋಗಲಿಲ್ಲ.

ಫೋನು ತೆಗೆದೆ. ಯಾರಿಗೆ ಎಂದರು. ತಮ್ಮನಿಗೆ ಎಂದೆ. ಅವರು ನನ್ನ ಕೈಯ ಮೇಲೆ ಕೈ ಇಟ್ಟರು, ಬಲಗೈ. "ಆಹೇರ ಬ್ಯಾಡಂದ್ರ ನಾಳೆ ತವರಿಗೆ ಹೆಂಗ ಹೋಗ್ತಿ? ವಿಚಾರ ಮಾಡು."

"ನೀವು ಇದ್ರ ತವರು. ನೀವ ಇಲ್ದ ಯಾವ ತವರಿಗೆ ಹೋಗ್ಲಿ?"

ಕೈ ತೆಗೆದರು.

ತಮ್ಮನಿಗೆ ಆದದ್ದನ್ನು ಆದ ಹಾಗೇ ಹೇಳಿದೆ. ಗಾಲಿ ನಮಗೆ ಬೇಡ, ನೀನು ಸಿಟ್ಟಾದರೂ ಸರಿ ಎಂದೆ. ಆ ಕಡೆಯಿಂದ ಹೈವೇಯ ಲಾರಿಗಳ ಸದ್ದಿನ ನಡುವೆ ಅವನ ದನಿ ಬಂತು.

"ಅಕ್ಕಾ, ಗಾಡಿ ಅಲ್ಲೇ ಇರಲಿ, ಒಂದು ಗೇಣ ಸೈತ ಮುಂದ ತರಬ್ಯಾಡ್ರಿ. ಹಳೇ ಗಾಲಿ ನಾ ಎಲ್ಲೂ ಕೊಟ್ಟಿಲ್ಲ. ನನ್ನ ಪಿಕಪ್ಪಿನಾಗನ ಅದಾವು."

ಎರಡು ತಾಸು ಕಾದೆವು. ನೀರಿನ ಪಕ್ಕ ಒಂದು ಕಲ್ಲಿನ ಮೇಲೆ ಕೂತಿದ್ದೆವು. ಅವರ ಎಡಗೈ ಮಡಿಲಲ್ಲಿತ್ತು. ಒಂದೊಂದು ಟ್ರ್ಯಾಕ್ಟರ್ ಬಂದಾಗಲೂ ನನ್ನ ಅಂಗೈ ತಾನಾಗಿ ಮುಷ್ಟಿ ಕಟ್ಟುತ್ತಿತ್ತು.

ತಮ್ಮ ಬಂದ. ಇಳಿದವನೇ ಮೊದಲು ಮಾಮಾನ ಭುಜ ನೋಡಿದ, ಆಮೇಲೆ ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿದ. ಬೆರಳು ಕಪ್ಪಾಗಿ ಬಂತು, ರಬ್ಬರು ತುರಿದಿತ್ತು. ಜಾಕ್ ಹಚ್ಚಿ ಒಂದೊಂದೇ ನಟ್ ಸಡಿಲಿಸುತ್ತ ತಲೆ ಎತ್ತದೆ ಮಾತಾಡಿದ. ಗಾಲಿ ದೊಡ್ಡದಿದ್ದದ್ದಷ್ಟೇ ಅಲ್ಲ, ಇವು ಬೇರೆ ಗಾಡಿಯವಾದ್ದರಿಂದ ಇರಬೇಕಾದ ಜಾಗಕ್ಕಿಂತ ಎರಡು ಬೆರಳು ಹೊರಗೆ ಕೂತಿದ್ದವಂತೆ. ಬಾಗಿಲನ್ನು ಹಿಡಿಕೆಯ ಹತ್ತಿರ ದೂಡಿದರೆ ಬೇಗ ತಿರುಗುತ್ತದಲ್ಲ, ಹಾಗೆ ಹೊರಗೆ ಬಂದ ಗಾಲಿಗೆ ಬಿದ್ದ ಪ್ರತಿ ಪೆಟ್ಟೂ ಸ್ಟೇರಿಂಗನ್ನು ಜೋರಾಗಿ ತಿರುಗಿಸುತ್ತದೆ ಎಂದ. ಇದು ಅವನಿಗೆ ಅದೇ ದಿನ, ನಾವು ಹೈವೇಗೆ ಹತ್ತುವಾಗ ಹಿಂದಿನಿಂದ ನೋಡಿದಾಗಲೇ ಹೊಳೆದಿತ್ತು.

"ಹೇಳಬೇಕಿತ್ತಲ್ಲೋ" ಎಂದರು ನಮ್ಮವರು.

"ಅಕ್ಕ ಹೊಸ ಸೀರಿ ಉಟ್ಟು ನಗಾಕತ್ತಿದ್ಲು. ಕೆಳಗ ನಿಂಬೆಹಣ್ಣ ಒಡದಿದ್ವು. ಹೆಂಗ ಹೇಳ್ಲಿ, ಮಾಮಾ? ಎಂಟ ದಿನದಿಂದ ಫೋನ್ ಬಡದ್ರ ಎದಿ ಝಲ್ಲ ಅನ್ನತಿತ್ತು."

ಮೂವರಿಗೂ ಗೊತ್ತಿತ್ತು. ಮೂವರೂ ಒಬ್ಬರ ಮುಖ ಇನ್ನೊಬ್ಬರು ಕಾಯುತ್ತ ಕೂತಿದ್ದೆವು. ಗಾಲಿ ಮಾತ್ರ ಯಾರ ಮುಖವನ್ನೂ ನೋಡಿರಲಿಲ್ಲ.

ಆಹೇರ ಪೂರ್ತಿ ವಾಪಸ್ ಬರುವ ಹಾಗಿಲ್ಲ ಎಂದು ಅವನು ಒಂದು ಗಾಲಿಯ ನಡುವಿನ ಬೆಳ್ಳಿ ಬಣ್ಣದ ಮುಚ್ಚಳ ಕಿತ್ತು ನನ್ನ ಸೆರಗಿನಲ್ಲಿ ಹಾಕಿದ. ಕುಂಕುಮ ಇನ್ನೂ ಅಂಟಿತ್ತು. ಹಳೆಯ ಗಾಲಿ ಹಾಕಿ ಮುಗಿಸಿದ ಮೇಲೆ ನಿಂಬೆಹಣ್ಣಿನ ಮಾತು ಯಾರೂ ಎತ್ತಲಿಲ್ಲ. ನಮ್ಮನ್ನು ಒಳಗೆ ಕೂಡಿಸಿ, ತಾನು ಮಣ್ಣಿನಲ್ಲಿ ಮೊಣಕಾಲೂರಿ ಬಗ್ಗಿ, ಆ ತುದಿಗೆ ತಿರುಗಿಸ್ರಿ, ಈ ತುದಿಗೆ ತಿರುಗಿಸ್ರಿ ಎಂದು ಎರಡೆರಡು ಸಲ ಕೇಳಿಸಿಕೊಂಡ. ಸದ್ದಿಲ್ಲ. ಸ್ಟೇರಿಂಗ್ ಎರಡು ಬೆರಳಿಗೆ ತಿರುಗಿತು.

ಗೋಕಾಕದ ತನಕ ಅವರೇ ಓಡಿಸಿದರು, ತಮ್ಮ ಹಿಂದೆ ಹಿಂದೆ ಬಂದ. ಮುಳ್ಳು ಮೂವತ್ತರ ಮೇಲೆ ಹೋಗಲಿಲ್ಲ. ಕಾರು ಮೊದಲಿನ ಹಾಗೇ ಹಗುರವಾಗಿ ಹೋಗುತ್ತಿತ್ತು. ನನಗೆ ಮಾತ್ರ ಅದು ಮೊದಲಿನ ಕಾರು ಅನಿಸಲಿಲ್ಲ. ಅವರ ಎಡಗೈ ಸ್ಟೇರಿಂಗಿನ ಮೇಲಿತ್ತು. ನಾನು ರಸ್ತೆ ನೋಡಲಿಲ್ಲ, ಆ ಕೈಯನ್ನೇ ನೋಡಿದೆ. ಗಾಲಿ ಬದಲಾಯಿಸಬಹುದು, ಬಿಟ್ಟು ಬಿದ್ದ ಕೈ ಮತ್ತೆ ಯಾವಾಗ ಬೀಳುತ್ತದೆ ಎಂದು ಯಾರನ್ನು ಕೇಳಬೇಕು? ಊರು ಬಂದಾಗ ನನ್ನ ಬಲಗೈ ಎರಡು ಸೀಟಿನ ನಡುವೆ, ಸ್ಟೇರಿಂಗಿಗೆ ಎಟುಕುವಷ್ಟು ದೂರದಲ್ಲಿ ಚಾಚಿಕೊಂಡೇ ಇತ್ತು. ಅವರು ಅದನ್ನು ನೋಡಿದರು, ತೆಗೆ ಅನ್ನಲಿಲ್ಲ. ನಾಳೆ ಡಾಕ್ಟರ ಕಡೆ ಹೋಗೋಣ ಎಂದು ಅವರೇ ಅಂದರು. ನಡೆದು ಹೋಗೋಣ ಎಂದೂ ಅಂದರು.

ಬೆಳಗಿನ ರೊಟ್ಟಿ ಐದು ಉಳಿದಿದ್ದವು, ಇನ್ನೂ ಆರು ಬಿಸಿ ಬಡಿದೆ. ತಣ್ಣಗಿನ ಬದನೆಕಾಯಿ ಪಲ್ಯ ಬಿಸಿ ಮಾಡಿದೆ. ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಕಡೆಗೆ ಅನ್ನ ಸಾರು. ತಮ್ಮ ನಾಲ್ಕು ರೊಟ್ಟಿ ತಿಂದ, ಅವರು ಎರಡು. ನಾನು ಒಂದೂವರೆ ತಿಂದೆ. ತಮ್ಮ ಪಡಸಾಲೆಯಲ್ಲಿ ಚಾಪೆಗೆ ತಲೆ ಕೊಟ್ಟದ್ದೇ ತಡ ನಿದ್ದೆ ಹೋದ, ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಅವರೂ ಮಲಗಿದರು. ಅವರ ಎಡಗೈಯ ಕೆಳಗೆ ಒಂದು ದಿಂಬು ಇಟ್ಟು, ನಾನು ಆ ಕಡೆಗೇ ಮುಖ ಮಾಡಿ ಮಲಗಿದೆ.